ಕಾರವಾರದ ಕಾರು, ಕೊಯಮತ್ತೂರಿನ ಟ್ರ್ಯಾಕು

ನಮ್ಮ ಉತ್ತರ ಕನ್ನಡದಲ್ಲಿ ಕಾರು ಓಡಿಸುವ ರೇಸ್ ಟ್ರ್ಯಾಕ್ ಇಲ್ಲ. ನಾನು ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. 2.1 ಕಿ.ಮೀ. ಉದ್ದದ ಸಣ್ಣ ಟ್ರ್ಯಾಕ್, ಸಣ್ಣ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಕಾರವಾರದಿಂದ ಮಂಗಳೂರು, ಕೋಯಿಕ್ಕೋಡ್, ಪಾಲಕ್ಕಾಡ್ ಹಾದು ಹೋದರೆ ಸುಮಾರು 700 ಕಿ.ಮೀ. ದಾರಿ. ಟ್ರೇಲರ್ ಇಟ್ಟುಕೊಳ್ಳುವಷ್ಟು ದುಡ್ಡು ನಮ್ಮಂಥವರ ಹತ್ತಿರ ಇರುವುದಿಲ್ಲ. ಹಾಗಾಗಿ ಗಾಡಿ ತಾನೇ ಅಲ್ಲಿಗೆ ಓಡಬೇಕು, ಇಡೀ ದಿನ ದುಡಿಯಬೇಕು, ಮತ್ತೆ ತಾನೇ ಮನೆಗೆ ಬರಬೇಕು. ಈ ಲೇಖನ ಅಂಥ ಗಾಡಿ ಮಾಡಿಕೊಳ್ಳುವವರಿಗೆ.

ಪವರ್ ಎಷ್ಟು ಜಾಸ್ತಿ ಮಾಡಬಹುದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಕರಾವಳಿಯ ಗಾಡಿಗೆ ಮೊದಲು ತುಕ್ಕು, ಆಮೇಲೆ ಬ್ರೇಕ್, ಆಮೇಲೆ ಟೈರ್. ನನ್ನ ಕೈಯಲ್ಲಿ ನೂರು ರೂಪಾಯಿ ಇದ್ದರೆ ಎಪ್ಪತ್ತು ಈ ಮೂರಕ್ಕೇ ಹೋಗುತ್ತದೆ.

ಯಾವ ಗಾಡಿ

ಹಗುರ ಇರಬೇಕು, ಬಿಡಿಭಾಗ ಊರಲ್ಲೇ ಸಿಗಬೇಕು. ನನ್ನದು 2005ರಲ್ಲಿ ಬಂದ ಮೊದಲ ತಲೆಮಾರಿನ ಸ್ವಿಫ್ಟ್, 1.3 ಲೀಟರ್ ಪೆಟ್ರೋಲ್. 87 ಬಿಎಚ್‌ಪಿ, ತೂಕ ಹೆಚ್ಚುಕಮ್ಮಿ ಒಂದು ಟನ್. ಅಂಕೋಲಾದಲ್ಲೂ ಪಾರ್ಟ್ಸ್ ಸಿಗುತ್ತದೆ, ಯಲ್ಲಾಪುರದಲ್ಲೂ ಸಿಗುತ್ತದೆ. ಇನ್ನೂ ಹುರುಪಿನದು ಬೇಕು ಅಂದರೆ 2017ರ ಬಲೆನೊ ಆರ್‌ಎಸ್ ಹುಡುಕಿ. 1 ಲೀಟರ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸುವ ಯಂತ್ರ ಇರುವುದು), 950 ಕೆ.ಜಿ., ನಾಲ್ಕೂ ಚಕ್ರಕ್ಕೆ ಡಿಸ್ಕ್. 110 ಪಿಎಸ್‌ನ (ಬಿಎಚ್‌ಪಿಗೆ ಹೆಚ್ಚುಕಮ್ಮಿ ಸಮನಾದ ಅಳತೆ) ಪೋಲೊ 1.0 ಟಿಎಸ್‌ಐ ಗಟ್ಟಿ ಗಾಡಿ. ಐ20 ಎನ್ ಲೈನ್ 120 ಪಿಎಸ್ ಕೊಡುತ್ತದೆ. ಪುಂಟೊ ಅಬಾರ್ತ್ ಮೇಲೆ ನನಗೂ ಆಸೆ ಇದೆ, 145 ಬಿಎಚ್‌ಪಿ ಅಂದರೆ ಸಣ್ಣ ಮಾತಲ್ಲ. ಆದರೆ ಫಿಯೆಟ್ ಕಾರು ಇಲ್ಲಿ ಮಾರಾಟ ನಿಂತು ವರ್ಷಗಳಾದವು. ಒಂದು ಪಾರ್ಟ್‌ಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಮೊದಲ ಗಾಡಿ ಟರ್ಬೊ ಇಲ್ಲದ್ದೇ ಇರಲಿ ಅಂತ ನನ್ನ ಅಭಿಪ್ರಾಯ. ಪವರ್ ಕಡಿಮೆ ಇದ್ದಾಗ ತಿರುವಿನಲ್ಲಿ ಮಾಡಿದ ತಪ್ಪು ನೇರ ರಸ್ತೆಯಲ್ಲಿ ಮುಚ್ಚಿಹೋಗುವುದಿಲ್ಲ. ಓಡಿಸುವುದನ್ನು ಬೇಗ ಕಲಿಯುತ್ತೀರಿ.

ಹಳೆ ಗಾಡಿ ಕೊಳ್ಳುವಾಗ ಆರ್‌ಸಿ ತಾರೀಕು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೆಎ-30 ಇರಲಿ, ಕೆಎ-31 ಇರಲಿ, ಈ ಕಾಗದ ಸರಿ ಇಲ್ಲದಿದ್ದರೆ 700 ಕಿ.ಮೀ. ಪ್ರಯಾಣದ ಮಾತೇ ಇಲ್ಲ.

ತುಕ್ಕು

ಮಳೆ ನಿಂತು ದಸರಾ ಕಳೆದ ಮೇಲೆ ಕೆಲಸ ಶುರು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪ್ರೈಮರ್ ಸರಿಯಾಗಿ ಕೂರುವುದೇ ಇಲ್ಲ.

ನನ್ನ ಗಾಡಿ ಕೊಳ್ಳುವಾಗ ಮೇಲಿನ ಬಣ್ಣ ಹೊಳೆಯುತ್ತಿತ್ತು. ಕಾರವಾರದ ಕೋಡಿಬಾಗದಲ್ಲಿ ನಾನು ನಂಬುವ ಒಬ್ಬರು ಹಿರಿಯ ಮೇಸ್ತ್ರಿ ಇದ್ದಾರೆ. ಅವರು ಬಾನೆಟ್ ತೆಗೆದು ನೋಡಲೇ ಇಲ್ಲ. ದಪ್ಪ ಸ್ಕ್ರೂಡ್ರೈವರ್ ಹಿಡಿದು ನೇರ ಗಾಡಿ ಕೆಳಗೆ ಹೋದರು. ಹಿಡಿಕೆಯಿಂದ ಬಡಿಯುತ್ತಾ ಬಂದರು. ಟಣ್, ಟಣ್, ಟಣ್. ಎಡಗಡೆ ಹಿಂದಿನ ಜಾಕ್ ಇಡುವ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು. ದಬ್ ಅಂತು. ತುದಿ ಒತ್ತಿದರೆ ಬಣ್ಣದ ಚಕ್ಕೆ ಎದ್ದು ಬಂತು, ಅದರ ಹಿಂದಿನ ತಗಡು ಚಹಾದಲ್ಲಿ ಅದ್ದಿದ ಬಿಸ್ಕೆಟ್ ಹಾಗೆ ಉದುರಿತು. "ತಮ್ಮಾ, ಮೇಲೆ ನೋಡಿ ಗಾಡಿ ತಗೋಬೇಡ, ಕೆಳಗೆ ಮಲಗಿ ತಗೋ" ಅಂದರು. ಆ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ನೀವೂ ಹಾಗೇ ಮಾಡಿ. ಸೀಟು, ಕಾರ್ಪೆಟ್, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಲ್ಲ ಬಿಚ್ಚಿ. ಚಕ್ರದ ಮೇಲಿನ ಶಾಕ್ ಕೂರುವ ಟವರ್, ಸೀಟ್ ಬೆಲ್ಟ್ ಬೋಲ್ಟ್ ಹಾಕುವ ಜಾಗ, ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಕಚ್ಚಿಕೊಳ್ಳುವ ಜಾಗ, ಹಿಂದಿನ ಆಕ್ಸಲ್ ಬೋಲ್ಟ್‌ಗಳ ಸುತ್ತ ಬಡಿದು ನೋಡಿ. ಇವುಗಳಲ್ಲಿ ತಗಡು ಕೊಳೆತಿದ್ದರೆ ಆ ಗಾಡಿಯನ್ನು ಬಿಟ್ಟುಬಿಡಿ. ಜಾಕ್ ಪಾಯಿಂಟ್, ಫ್ಲೋರ್, ಬ್ಯಾಟರಿ ಟ್ರೇ ಆದರೆ ರಿಪೇರಿ ಸಾಧ್ಯ. ಶಿರಸಿ, ಸಿದ್ದಾಪುರ ಕಡೆಯ ಗಾಡಿಗೆ ಉಪ್ಪುಗಾಳಿಯ ಕಾಟ ಕಡಿಮೆ. ಆದರೆ ಚಕ್ರದ ಗೂಡಿನ ಒಳಗೆ ಕೆಂಪು ಮಣ್ಣು ಕೂತಿರುತ್ತದೆ. ಆ ಮಣ್ಣು ತಿಂಗಳುಗಟ್ಟಲೆ ಒದ್ದೆ ಹಿಡಿದುಕೊಂಡು ತಗಡನ್ನು ಒಳಗಿಂದ ತಿನ್ನುತ್ತದೆ. ಪ್ಲಾಸ್ಟಿಕ್ ಲೈನರ್ ಬಿಚ್ಚಿ, ಬೆರಳು ಹಾಕಿ ನೋಡಿ.

ರಿಪೇರಿ ಹೀಗೆ: ಹೊಳೆಯುವ ತಗಡು ಸಿಗುವವರೆಗೆ ಉಜ್ಜಿ. ಕೊಳೆತದ್ದನ್ನು ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಲೇಬೇಕು, ಇಲ್ಲದಿದ್ದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಬಹುದು. ಅದರ ಮೇಲೆ ಜಿಂಕ್ ಪ್ರೈಮರ್, ಸೀಲರ್, ಬಣ್ಣ. ಒಳಗಿನ ಪೊಳ್ಳು ಭಾಗಗಳಿಗೆ ಉದ್ದ ಟ್ಯೂಬಿನಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ತುಕ್ಕಿನ ಮೇಲೇ ಕಪ್ಪು ಕೋಟಿಂಗ್ ಬಳಿದು ಕೊಡುವವರು ಇದ್ದಾರೆ. ಅದು ಒದ್ದೆಯನ್ನು ಒಳಗೇ ಕಟ್ಟಿಹಾಕುತ್ತದೆ. ಹಾಗೆ ಮಾಡಿಸುವುದಕ್ಕಿಂತ ಸುಮ್ನೆ ಬಿಡುವುದು ಮೇಲು.

ಕೆಳಗೇ ಇರುವಾಗ ಬ್ರೇಕ್ ಪೈಪ್‌ಗಳ ಮೇಲೆ ಬೆರಳು ಓಡಿಸಿ. ಗಂಟು ಗಂಟು ತುಕ್ಕು ಸಿಕ್ಕರೆ ಹೊಸ ಪೈಪ್ ಹಾಕಿಸಿ.

ಬ್ರೇಕ್

ನಾನು ಮೊದಲ ಸಲ ಟ್ರ್ಯಾಕಿಗೆ ಹೋದಾಗ ಹೊಸ ಪ್ಯಾಡ್ ಹಾಕಿದ್ದೆ, ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಎರಡು ಮಳೆಗಾಲ ಕಂಡ ಆಯಿಲ್ ಅದು. ನಾಲ್ಕನೇ ಸುತ್ತಿನಲ್ಲಿ ನೇರ ರಸ್ತೆಯ ಕೊನೆಗೆ ಪೆಡಲ್ ಒತ್ತಿದೆ. ಕಾಲು ನೆಲಕ್ಕೆ ಹೋಯಿತು. ಏನೂ ಸಿಗಲಿಲ್ಲ. ಮತ್ತೆ ಮತ್ತೆ ಒತ್ತಿದಾಗ ಸ್ವಲ್ಪ ಹಿಡಿಯಿತು, ಗಾಡಿ ಮಣ್ಣಿಗೆ ಇಳಿದು ನಿಂತಿತು. ಗಾಡಿಗೂ ನನಗೂ ಏನೂ ಆಗಲಿಲ್ಲ. ಆದರೆ ಆ ಕಾಲಿನ ಕೆಳಗಿನ ಖಾಲಿತನ ಇವತ್ತಿಗೂ ನೆನಪಿದೆ.

ಆದದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುತ್ತದಲ್ಲ, ಹಾಗೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಟ್ರ್ಯಾಕಿನಲ್ಲಿ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಕಡಲತೀರದ ಹವೆಯಲ್ಲಿ ಇದು ಒಣ ಊರುಗಳಿಗಿಂತ ಬೇಗ ಆಗುತ್ತದೆ. ಅದಕ್ಕೇ ನಾನು ಪ್ರತಿ ಟ್ರ್ಯಾಕ್ ದಿನದ ಹಿಂದಿನ ವಾರ ಆಯಿಲ್ ಬದಲಿಸುತ್ತೇನೆ. ಒಮ್ಮೆ ಮುಚ್ಚಳ ತೆಗೆದ ಡಬ್ಬಿಯನ್ನು ಇಟ್ಟುಕೊಳ್ಳುವುದಿಲ್ಲ. ಒಳ್ಳೆಯ ಡಾಟ್ 4 ಅಥವಾ ಡಾಟ್ 5.1 ಹಾಕಿ. ಡಾಟ್ 5 ಅಂತ ಇನ್ನೊಂದು ಇದೆ, ಅದು ಸಿಲಿಕೋನ್. ಇವುಗಳ ಜೊತೆ ಸೇರಿಸಲೇಬಾರದು.

ಮನೆಯಂಗಳದಲ್ಲೇ ಮಾಡಬಹುದಾದ ಕೆಲಸ ಇದು. ಇಬ್ಬರು ಬೇಕು. ಮೊದಲು ಮೇಲಿನ ಡಬ್ಬಿಯ ಹಳೆ ಆಯಿಲನ್ನು ಸಿರಿಂಜ್‌ನಿಂದ ತೆಗೆದು ಹೊಸದು ತುಂಬಿ. ಚಕ್ರದ ಹತ್ತಿರ ಇರುವ ಬ್ಲೀಡಿಂಗ್ ಸ್ಕ್ರೂಗೆ (ಆಯಿಲ್ ಹೊರಬಿಡುವ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ನನ್ನ ತಮ್ಮ ಸೀಟಿನಲ್ಲಿ ಕೂರುತ್ತಾನೆ, ನಾನು ಚಕ್ರದ ಹತ್ತಿರ. "ಒತ್ತು" ಅನ್ನುತ್ತೇನೆ. "ಒತ್ತಿದೆ" ಅನ್ನುತ್ತಾನೆ. ಸ್ಕ್ರೂ ಸಡಿಲಿಸುತ್ತೇನೆ, ಆಯಿಲ್ ಬರುತ್ತದೆ, ಸ್ಕ್ರೂ ಬಿಗಿಮಾಡುತ್ತೇನೆ. ಆಮೇಲೆ ಮಾತ್ರ "ಬಿಡು". ಈ ಮೂರು ಮಾತಿನ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಪೆಡಲ್ ಕೈಕೊಟ್ಟ ಆ ಸಲ ಮೊದಲು ಬಂದ ಆಯಿಲ್ ಕಡು ಚಹಾದ ಬಣ್ಣ ಇತ್ತು. ಜೇನಿನ ತಿಳಿ ಬಣ್ಣ ಬಂದು, ಗುಳ್ಳೆ ನಿಲ್ಲುವವರೆಗೆ ಮಾಡಿ. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡುತ್ತಿರಿ. ಯಾವ ಚಕ್ರ ಮೊದಲು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಕೈಪಿಡಿ ನೋಡಿ ಮಾಡಿ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಇನ್ನು ಕ್ಯಾಲಿಪರ್. ಅದು ಜಾರುವ ಪಿನ್ನುಗಳು ಉಪ್ಪುಗಾಳಿಗೆ ಬೇಗ ಹಿಡಿದುಕೊಳ್ಳುತ್ತವೆ. ಒಳಗಿನ ಪ್ಯಾಡ್ ತೆಳ್ಳಗೆ, ಹೊರಗಿನದು ದಪ್ಪ ಇದ್ದರೆ ಪಿನ್ ಹಿಡಿದಿದೆ ಅಂತಲೇ ಅರ್ಥ. ಪಿನ್ ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ, ರಬ್ಬರ್ ಬೂಟು ಹರಿದಿದ್ದರೆ ಬದಲಿಸಿ. ಮುಂದಿನ ಪ್ಯಾಡ್ ಜಾಸ್ತಿ ಬಿಸಿ ತಡೆಯುವ ಬಗೆಯದ್ದು ತನ್ನಿ. ಹಿಂದಿನ ಡ್ರಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಹೆಚ್ಚಿನ ಕೆಲಸ ಮುಂದಿನ ಡಿಸ್ಕಿನದ್ದೇ. ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಖಾಲಿ ಜಾಗದಲ್ಲಿ ಮಧ್ಯಮ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಿಡಿದು ನಿಧಾನ ಮಾಡಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳಿ. ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ತಣ್ಣಗಾಗುವವರೆಗೆ ಓಡಿಸಿ.

ಒಂದು ವ್ಯತ್ಯಾಸ ತಿಳಿದಿರಲಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ. ಎರಡರಲ್ಲಿ ಯಾವುದಾದರೂ ನಿಧಾನವಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬನ್ನಿ.

ಟೈರ್

ಅಗಲ ಜಾಸ್ತಿ ಮಾಡುವಾಗ ಒಟ್ಟು ಎತ್ತರ ಬದಲಾಗಬಾರದು. ನನ್ನ ಸ್ವಿಫ್ಟ್ 165/80 ಆರ್14 ಟೈರಿನ ಮೇಲೆ ಬಂದಿತ್ತು (165 ಮಿ.ಮೀ. ಅಗಲ, ಟೈರಿನ ಪಕ್ಕದ ಎತ್ತರ ಅಗಲದ ಶೇ. 80, ಚಕ್ರ 14 ಇಂಚು). ಅದರ ಎತ್ತರ ಸುಮಾರು 620 ಮಿ.ಮೀ. 195/60 ಆರ್15 ಹಾಕಿದರೆ 615. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರ್ ಲೆಕ್ಕ ಕೆಡುವುದಿಲ್ಲ. 195/55 ಹಾಕಿದರೆ 595ಕ್ಕೆ ಇಳಿಯುತ್ತದೆ. ಪಿಕಪ್ ಚುರುಕಾಗುತ್ತದೆ ನಿಜ, ಆದರೆ ಹೊಂಡದ ರಸ್ತೆಯಲ್ಲಿ ಗಾಡಿ ಕೆಳಗೆ ತಾಗುತ್ತದೆ. ಚಕ್ರದ ಸೈಜ್ 15ಕ್ಕಿಂತ ಮೇಲೆ ಹೋಗಬೇಡಿ. ನೋಡಲು ಚಂದ, ತೂಕ ಜಾಸ್ತಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2323 ಅಂದರೆ 2023ರ 23ನೇ ವಾರ ತಯಾರಾದದ್ದು. ಮೇಲಿನ ಗೀರು ಎಷ್ಟೇ ಆಳ ಇದ್ದರೂ ಐದು ವರ್ಷ ದಾಟಿದ ಟೈರನ್ನು ನಾನು ಟ್ರ್ಯಾಕಿಗೆ ಒಯ್ಯುವುದಿಲ್ಲ.

ಸಸ್ಪೆನ್ಶನ್

ಮೊದಲು ಹಳೆಯದನ್ನು ಸರಿಮಾಡಿ. ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಎಂಜಿನ್ ಮೌಂಟ್, ಎಲ್ಲ ಹೊಸದು. ಇಷ್ಟರಿಂದಲೇ ಗಾಡಿ ಬೇರೆಯೇ ಆಗುತ್ತದೆ. ಆಮೇಲೆ ಒಳ್ಳೆಯ ಶಾಕ್, ಸ್ವಲ್ಪ ಗಟ್ಟಿ ಸ್ಪ್ರಿಂಗ್. ಎತ್ತರ 25 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಡಿ. ನಮ್ಮೂರ ಹಂಪ್‌ಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ, ಅಲ್ವಾ? ಸ್ಪ್ರಿಂಗ್ ಕತ್ತರಿಸಿ ಇಳಿಸುವುದಂತೂ ಬೇಡವೇ ಬೇಡ. ಚಕ್ರ ಗಾಳಿಯಲ್ಲಿ ನೇತಾಡಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರಬಹುದು.

ಮುಂದಿನ ಚಕ್ರದ ಎಳೆತ ಇರುವ ಗಾಡಿ ತಿರುವಿನಲ್ಲಿ ಹೊರಗೆ ಹೊರಗೆ ಹೋಗುತ್ತದೆ. ಇದಕ್ಕೆ ಮದ್ದು ಮುಂದಿನ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಗೆ (ಮೈನಸ್) ಅಥವಾ ಹೊರಗೆ ವಾಲುವ ಕೋನ. ಕಂಪನಿಯಿಂದ ಬಂದಾಗ ಅದು ಸೊನ್ನೆಯ ಆಸುಪಾಸು ಇರುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿಸಿ ಮೈನಸ್ 1.5ರಿಂದ 2 ಡಿಗ್ರಿಗೆ ತಂದರೆ ಟೈರಿನ ಹೊರ ಅಂಚು ಸವೆಯುವುದು ಕಡಿಮೆಯಾಗುತ್ತದೆ, ಹಿಡಿತ ಬರುತ್ತದೆ. ಆದ ಮೇಲೆ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಕಾಗದದ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ನಾನು ಇದಕ್ಕಾಗಿ ಹುಬ್ಬಳ್ಳಿಗೆ ಹೋಗುತ್ತೇನೆ.

ಎಂಜಿನ್ ತಣ್ಣಗಿರಲಿ

ಕಾರವಾರದ ಗಾಡಿಯ ರೇಡಿಯೇಟರ್ ಜಾಲರಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಪುಡಿ ಪುಡಿಯಾಗಿ ಬಂದರೆ ಹೊಸ ರೇಡಿಯೇಟರ್ ಬೇಕು. ಕೂಲಂಟ್ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಜೊತೆ. ಬಾವಿ ನೀರು ಹಾಕಬೇಡಿ. ಎಂಜಿನ್ ಆಯಿಲ್ 5ಡಬ್ಲ್ಯು-40 ಫುಲ್ ಸಿಂಥೆಟಿಕ್, ಡಿಪ್ ಸ್ಟಿಕ್ಕಿನ ಮೇಲಿನ ಗೆರೆಯವರೆಗೆ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್‌ಗೆ ಸಿಗದೆ ಹೋಗಬಹುದು, ಅದಕ್ಕೇ ಮಟ್ಟ ಕಡಿಮೆ ಇರಬಾರದು. ಕಂಪ್ರೆಶನ್ ಪರೀಕ್ಷೆ ಮಾಡಿಸಿ, ನಾಲ್ಕು ಸಿಲಿಂಡರ್ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಪವರ್, ಕಾಯ್ದೆ

ಈಗ ಪವರ್. ಟರ್ಬೊ ಇಲ್ಲದ ಎಂಜಿನ್‌ಗೆ ಫಿಲ್ಟರ್, ಸೈಲೆನ್ಸರ್, ರೀಮ್ಯಾಪ್ (ಇಸಿಯು ಒಳಗಿನ ಲೆಕ್ಕ ಬದಲಿಸುವುದು) ಮೂರೂ ಮಾಡಿಸಿದರೂ ಕೈಗೆ ಸಿಗುವುದು ಸ್ವಲ್ಪವೇ. ಆ ದುಡ್ಡಿನಲ್ಲಿ ಇನ್ನೆರಡು ಟ್ರ್ಯಾಕ್ ದಿನ ಹೋಗಿಬನ್ನಿ. ಟರ್ಬೊ ಗಾಡಿಗೆ ರೀಮ್ಯಾಪ್‌ನಿಂದ ನಿಜವಾದ ಲಾಭ ಇದೆ. ಆದರೆ ಕ್ಲಚ್, ಕೂಲಿಂಗ್ ಮೊದಲು ಗಟ್ಟಿಯಾಗಲಿ. ಟ್ಯೂನ್ ಬಂಕಿನ ಸಾಮಾನ್ಯ ಪೆಟ್ರೋಲಿಗೇ ಇರಲಿ. ಹೈ-ಆಕ್ಟೇನ್ ಪೆಟ್ರೋಲಿಗೆ ಮಾಡಿಸಿದರೆ ಊರಿಂದ ಊರಿಗೆ ಅದನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾಗಿ ರಸ್ತೆಯಲ್ಲಿ ಓಡುವ ಗಾಡಿಯ ಸೈಲೆನ್ಸರ್ ಮುಟ್ಟಬೇಡಿ, ಸೀಟು ತೆಗೆದು ಓಡಾಡಬೇಡಿ. ಏನೇ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ರೇಸ್‌ನಲ್ಲಿ ಆದ ಹಾನಿಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಕೈಮುಗಿದು ಹೇಳುತ್ತೇನೆ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ನಿಮ್ಮ ಟ್ರ್ಯಾಕ್ ಅಲ್ಲ. ತಿರುವಿನ ಆಚೆ ಬಸ್ ಇದೆಯೋ, ಕೆಟ್ಟು ನಿಂತ ಲಾರಿ ಇದೆಯೋ, ದನ ಮಲಗಿದೆಯೋ ಗೊತ್ತಾಗುವುದಿಲ್ಲ. ಆ ರಸ್ತೆಯಲ್ಲಿ ನಮ್ಮದೇ ಮನೆಯವರು ಓಡಾಡುತ್ತಾರೆ. ಸಸ್ಪೆನ್ಶನ್ ಹೇಗಿದೆ ಅಂತ ನೋಡುವ ಆಸೆ ತಡೆಯಲಾಗದಿದ್ದರೆ ಒಪ್ಪಿಗೆ ಪಡೆದು ಯಾವುದಾದರೂ ಖಾಸಗಿ ಬಯಲಿನಲ್ಲಿ ಕೋನ್ ಇಟ್ಟು ಓಡಿಸಿ.

ಸೀಟು, ಬೆಲ್ಟ್, ಹೆಲ್ಮೆಟ್

ಮೊದಲ ಕೆಲವು ಸಲಕ್ಕೆ ಕಂಪನಿಯ ಸೀಟು, ಕಂಪನಿಯ ಬೆಲ್ಟ್ ಸಾಕು. ನಾಲ್ಕು ಪಟ್ಟಿಯ ಹಾರ್ನೆಸ್ ಮಾತ್ರ ತಂದು ಹಾಕಿಕೊಳ್ಳಬೇಡಿ. ಅದಕ್ಕೆ ಬಕೆಟ್ ಸೀಟು, ರೋಲ್ ಬಾರ್ (ಗಾಡಿ ಪಲ್ಟಿಯಾದರೆ ಕಾಯುವ ಕಬ್ಬಿಣದ ಕಮಾನು), ಕುತ್ತಿಗೆಗೆ ಹ್ಯಾನ್ಸ್ (ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಹೋಗದಂತೆ ಹಿಡಿಯುವ ಸಾಧನ) ಎಲ್ಲ ಒಟ್ಟಿಗೇ ಬೇಕು. ರೋಲ್ ಕೇಜ್ ಹಾಕಿದ ಗಾಡಿಯನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವುದು ಅಪಾಯ, ಸಣ್ಣ ಡಿಕ್ಕಿಯಲ್ಲೂ ತಲೆ ಕಬ್ಬಿಣಕ್ಕೆ ಬಡಿಯುತ್ತದೆ. ಯಾವ ಹೆಲ್ಮೆಟ್ ನಡೆಯುತ್ತದೆ ಅಂತ ಟ್ರ್ಯಾಕಿನವರನ್ನು ಮೊದಲೇ ಕೇಳಿ. ಕಾರ್ ರೇಸಿನ ಹೆಲ್ಮೆಟ್ಟಿನ ಒಳಪದರ ಬೆಂಕಿ ತಡೆಯುತ್ತದೆ, ಬೈಕಿನದ್ದು ಹಾಗಲ್ಲ. ಬ್ಯಾಟರಿ ಕ್ಲಾಂಪ್ ಬಿಗಿ ಇರಲಿ. 2 ಕೆ.ಜಿ. ಬೆಂಕಿ ನಂದಿಸುವ ಸಿಲಿಂಡರನ್ನು ಬೋಲ್ಟ್ ಹಾಕಿ ಕೂರಿಸಿ.

ಆ ದಿನ

ಹಿಂದಿನ ಸಂಜೆಯೇ ತಲುಪಿ ಮಲಗಿ. ರಾತ್ರಿಯಿಡೀ ಓಡಿಸಿ ನೇರ ಟ್ರ್ಯಾಕಿಗೆ ಇಳಿಯಬೇಡಿ. ಸ್ಟೆಪ್ನಿ, ಜಾಕ್, ಚೀಲ, ಮ್ಯಾಟ್ ಎಲ್ಲ ಪಿಟ್‌ನಲ್ಲಿ ಇಳಿಸಿ. ಟೈರ್ ತಣ್ಣಗಿರುವಾಗ ಗಾಳಿ 28 ಪಿಎಸ್ಐ. ಐದಾರು ಸುತ್ತು ಹೊಡೆದು ಬಂದ ತಕ್ಷಣ ಮತ್ತೆ ಅಳೆಯಿರಿ, 34ರ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಸ್ವಲ್ಪ ಗಾಳಿ ತೆಗೆಯಿರಿ. ತಿರುವಿನಲ್ಲಿ ಗಾಡಿಯ ಮುಂಭಾಗ ಹೊರಗೆ ಜಾರುತ್ತಿದ್ದರೆ ಹಿಂದಿನ ಟೈರಿಗೆ 2 ಪಿಎಸ್ಐ ಜಾಸ್ತಿ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಪುಸ್ತಕದಲ್ಲಿ ಬರೆದಿಡಿ.

ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಹೆಚ್ಚು ಮುಟ್ಟದೆ ಹೊಡೆಯಿರಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಇಡಿ. ಪ್ರತಿ ಸಲ ಬಂದಾಗ ಚಕ್ರದ ನಟ್ಟು ಟಾರ್ಕ್ ಸ್ಪ್ಯಾನರ್‌ನಿಂದ, ಆಯಿಲ್ ಡಿಪ್ ಸ್ಟಿಕ್ಕಿನಿಂದ ನೋಡಿ. ಹೊರಡುವ ಮುನ್ನ ಟೈರಿಗೆ ಮತ್ತೆ ರಸ್ತೆಯ ಗಾಳಿ ತುಂಬಿಸಿ.

ಮನೆಗೆ ಬಂದ ಮರುದಿನ ಗಾಡಿಯ ಹೊಟ್ಟೆಗೆ ಸಿಹಿನೀರು ಹೊಡೆದು ತೊಳೆಯಿರಿ. ನಾಲ್ಕೂ ಚಕ್ರ ಬಿಚ್ಚಿ. ಡಿಸ್ಕಿನಲ್ಲಿ ಬಿರುಕು ಇದೆಯೇ, ಬೇರಿಂಗ್ ಸದ್ದು ಮಾಡುತ್ತದೆಯೇ, ಪ್ಯಾಡ್ ಎಷ್ಟು ಉಳಿದಿದೆ ನೋಡಿ ಬರೆದುಕೊಳ್ಳಿ. ಪ್ಯಾಡ್ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಅವತ್ತೇ ಆರ್ಡರ್ ಹಾಕಿ, ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ಪಾರ್ಸೆಲ್ ಹುಬ್ಬಳ್ಳಿಯಲ್ಲೇ ಕೂತಿರುತ್ತದೆ.